ಲೆಕ್ಕದ ಪುಸ್ತಕದ ಷರಾ ಕಾಲಂ

2023ರ ಡಿಸೆಂಬರ್. ಅರೇಬಿಕಾ ಕಾಫಿ ಕುಯ್ಲು ಜೋರಾಗಿ ನಡೆಯುತ್ತಿತ್ತು. ಸೋಮವಾರಪೇಟೆ ಕಡೆ ಆ ತಿಂಗಳು ಐದೂವರೆಗೆಲ್ಲ ಚಳಿ ಇಳಿದುಬಿಡುತ್ತದೆ. ಕಣದ ಅಂಚಿನಲ್ಲಿ ತಕ್ಕಡಿ. ಹಣ್ಣಿನ ಚೀಲ ಹೊತ್ತು ತಂದವರದ್ದು ಒಬ್ಬೊಬ್ಬರದ್ದೇ ತೂಗಿಸಿ, ಹೆಸರಿನ ಮುಂದೆ ಕೆ.ಜಿ. ಬರೆಯುವುದು ನನ್ನ ಕೆಲಸ. ಮದುವೆಯಾಗಿ ಈ ಮನೆಗೆ ಬಂದ ಮಾರನೇ ವರ್ಷದಿಂದ ಬರೆಯುತ್ತಿದ್ದೇನೆ. ಲೆಕ್ಕ ತಪ್ಪಿದ ದಿನ ನೆನಪಿಲ್ಲ.

ಎಲ್ಲರೂ ಸ್ವೆಟರ್ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ನನಗೆ ಮಾತ್ರ ಎದೆಯ ನಡುವಿನಿಂದ ಬಿಸಿ ಏಳತೊಡಗಿತು. ಒಲೆ ಬಾಯಿಗೆ ಮುಖ ಕೊಟ್ಟರೆ ಹೊಡೆಯುತ್ತದಲ್ಲ, ಆ ಥರದ ಝಳ. ಕತ್ತಿಗೆ ಬಂತು, ಕಿವಿಗೆ ಬಂತು, ಕೂದಲಿನ ಬುಡವೆಲ್ಲ ಒದ್ದೆಯಾಯಿತು. ಪೆನ್ನು ಬೆರಳಲ್ಲಿ ಜಾರಿತು. ಎರಡು ಮೂರು ನಿಮಿಷ ಅಷ್ಟೇ. ಆಮೇಲೆ ಬೆವರು ಆರಿ ಗಡಗಡ ನಡುಕ.

"ಅಕ್ಕಾ, ನಂದು ಎಪ್ಪತ್ನಾಲ್ಕು. ನೀವು ನಲವತ್ತೇಳು ಬರ್ದಿದ್ದೀರಿ."

ಹದಿನೈದು ವರ್ಷದಿಂದ ನಮ್ಮ ತೋಟಕ್ಕೆ ಬರುವವಳು ಅವಳು. ಗಟ್ಟಿಯಾಗಿ ಹೇಳಲಿಲ್ಲ, ಬೇರೆಯವರಿಗೆ ಕೇಳದ ಹಾಗೆ ಹತ್ತಿರ ಬಂದು ಹೇಳಿದಳು. ಬೆಳಿಗ್ಗೆಯಿಂದ ನಿಂತು ಕುಯ್ದ 27 ಕೆ.ಜಿ. ಹಣ್ಣು ನನ್ನ ಕೈಯಲ್ಲಿ ಮಾಯವಾಗಿತ್ತು. ಅಂಕಿ ತಿದ್ದಿ ಬರೆದೆ. ರಾತ್ರಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ. ನನ್ನ ತಲೆ ನನ್ನ ಮಾತು ಕೇಳುತ್ತಿಲ್ಲ ಅನ್ನುವ ಭಯ ಅವತ್ತು ಮೊದಲ ಸಲ ನಿಜವಾಗಿ ಹಿಡಿದುಕೊಂಡಿತು.

ಆಗ ನನಗೆ 46. ಅದೇ ಮಳೆಗಾಲದಿಂದ ಶುರುವಾಗಿತ್ತು ಇದೆಲ್ಲ. ಮುಟ್ಟು ಒಂದು ತಿಂಗಳು ಇಪ್ಪತ್ತು ದಿನಕ್ಕೆ, ಇನ್ನೊಂದು ಸಲ ಐವತ್ತು ದಿನಕ್ಕೆ. ರಾತ್ರಿ ಒಂದು ಗಂಟೆಗೆ ಎಚ್ಚರ, ನೈಟಿ ಬೆನ್ನಿಗೆ ಅಂಟಿರುತ್ತಿತ್ತು. ನಮ್ಮವರು ಕಂಬಳಿ ಹೊದ್ದು, ಮಂಕಿ ಕ್ಯಾಪ್ ಹಾಕಿ ಮಲಗಿದ್ದರೆ ನಾನು ಕಿಟಕಿ ತೆಗೆದು ನಿಲ್ಲುತ್ತಿದ್ದೆ. ಎದೆ ಸುಮ್ನೆ ಡವಡವ ಅನ್ನುತ್ತಿತ್ತು. ಬೆಳಿಗ್ಗೆ ಎದ್ದರೆ ಬೆರಳಿನ ಗೆಣ್ಣು, ಮಂಡಿ ಎಲ್ಲ ಬಿಗಿ. ಸಣ್ಣ ಮಾತಿಗೂ ಸಿಟ್ಟು, ಸಿಟ್ಟು ಇಳಿದ ಕೂಡಲೇ ಅಳು. ಅತ್ತೆಗೆ ಕೊಡುವ ಬಿಪಿ ಮಾತ್ರೆ ಒಂದು ದಿನ ಎರಡು ಸಲ ಕೊಟ್ಟೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಮೂರು ಸಲ ಉರಿಮೂತ್ರ ಅಂತ ಮಾತ್ರೆ ತಿಂದಿದ್ದೆ. ಇದೆಲ್ಲ ಒಂದೇ ಬುಡದ ಕೊಂಬೆಗಳು ಅಂತ ನನಗೆ ಹೊಳೆದಿರಲಿಲ್ಲ. ಒಂದೊಂದಕ್ಕೂ ಒಂದೊಂದು ಕಾರಣ ಹುಡುಕಿಕೊಂಡಿದ್ದೆ. ಮಂಡಿಗೆ ಚಳಿ, ನಿದ್ದೆಗೆ ಮಗಳ ಓದಿನ ಚಿಂತೆ, ಸಿಟ್ಟಿಗೆ ಆಳು ಸಿಗದ ಟೆನ್ಷನ್.

ಜನವರಿಯಲ್ಲಿ ಡಾಕ್ಟರ ಹತ್ತಿರ ಹೋದೆ. ಸುತ್ತಮುತ್ತ ಒಳ್ಳೇ ಹೆಸರಿರುವವರು. ನಮ್ಮ ಕುಟುಂಬದಲ್ಲಿ ಎಷ್ಟೋ ಹೆರಿಗೆ ಅವರೇ ಮಾಡಿಸಿದ್ದಾರೆ. ಟೋಕನ್ 31. ಒಳಗೆ ಹೋದಾಗ ನಾನು ಹೇಳಬೇಕು ಅಂದುಕೊಂಡಿದ್ದರಲ್ಲಿ ಕಾಲು ಭಾಗ ಹೇಳಿದ್ದೆನೇನೋ. ಅವರು ಅಷ್ಟರಲ್ಲಿ ಬರೆಯಲು ಶುರು ಮಾಡಿದ್ದರು.

"ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ ಅಮ್ಮ. ಎಲ್ಲಾ ಹೆಂಗಸರಿಗೂ ಆಗುತ್ತೆ. ಆರು ತಿಂಗಳಲ್ಲಿ ತಾನೇ ಹೋಗುತ್ತೆ. ಯೋಗ ಮಾಡಿ. ಮನಸ್ಸನ್ನ ಬೇರೆ ಕಡೆ ಇಡಿ."

"ಎದೆ ಹೊಡ್ಕೊಳ್ಳುತ್ತೆ ಡಾಕ್ಟ್ರೇ, ನಿದ್ದೆ..." ಅಂದೆ.

"ಯೋಚನೆ ಜಾಸ್ತಿ ಮಾಡ್ತೀರಿ," ಅಂದರು. ಆಮೇಲೆ ನನ್ನ ಪಕ್ಕ ನಿಂತಿದ್ದ ನಮ್ಮವರ ಕಡೆ ತಿರುಗಿ, "ಸ್ವಲ್ಪ ಟೆನ್ಷನ್ ತಗೋತಾರೆ ಇವರು, ನೋಡ್ಕೊಳ್ಳಿ" ಅಂದರು.

ನನ್ನ ಬಗ್ಗೆ, ನನ್ನ ಎದುರಿಗೇ, ನಾನಿಲ್ಲದ ಹಾಗೆ. ಕ್ಯಾಲ್ಸಿಯಂ ಮಾತ್ರೆ, ನಿದ್ದೆ ಮಾತ್ರೆ ಬರೆದುಕೊಟ್ಟರು. ಬಿಪಿ ಕೂಡ ನೋಡಲಿಲ್ಲ. ನಿದ್ದೆ ಮಾತ್ರೆ ಹತ್ತು ದಿನ ತಗೊಂಡೆ. ರಾತ್ರಿ ಬೆವರು ಹಾಗೇ ಇತ್ತು, ಎಚ್ಚರ ಮಾತ್ರ ಆಗುತ್ತಿರಲಿಲ್ಲ. ಬೆಳಿಗ್ಗೆ ಒದ್ದೆ ಹಾಸಿಗೆಯಲ್ಲಿ ಕಲ್ಲಿನ ಹಾಗೆ ಬಿದ್ದಿರುತ್ತಿದ್ದೆ. ಬಿಟ್ಟುಬಿಟ್ಟೆ.

ಆ ಡಾಕ್ಟರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೂ ಜಾಸ್ತಿ ಇರಲಿಲ್ಲ. ಮುಟ್ಟು ನಿಲ್ಲುವುದು ಸಹಜವೇ, ಎಲ್ಲ ಹೆಂಗಸರಿಗೂ ಬರುವುದೇ. ಆದರೆ ಹೆರಿಗೆಯೂ ಸಹಜವೇ ಅಲ್ವಾ? ಹೆರಿಗೆ ನೋವು ತಿನ್ನುವವಳಿಗೆ 'ಮನಸ್ಸನ್ನ ಬೇರೆ ಕಡೆ ಇಡಿ' ಅಂತ ಅವರೇ ಹೇಳುವುದಿಲ್ಲ. ಈ ಮಾತು ನನಗೆ ಆ ಕೋಣೆಯಲ್ಲಿ ಹೊಳೆಯಲಿಲ್ಲ. ಮನೆಗೆ ಬಂದು, ಪಾತ್ರೆ ತೊಳೆಯುವಾಗ ಹೊಳೆಯಿತು.

ಏಪ್ರಿಲ್‌ನಲ್ಲಿ ಮುಟ್ಟು ಬಂದದ್ದು ಹದಿನಾಲ್ಕು ದಿನ ನಿಲ್ಲಲಿಲ್ಲ. ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲು. ಮತ್ತೆ ಅದೇ ಡಾಕ್ಟರು. ಈ ಸಲ ಎರಡೇ ಪ್ರಶ್ನೆ. "ಮಕ್ಕಳೆಷ್ಟು? ಆಪರೇಷನ್ ಆಗಿದ್ಯಾ?" ಇಬ್ಬರು, ಎರಡನೆಯದಾದ ಮೇಲೆ ಆಪರೇಷನ್ ಆಗಿದೆ ಅಂದೆ. "ಹಾಗಾದ್ರೆ ಗರ್ಭಕೋಶ ಇನ್ಯಾಕೆ? ತೆಗೆಸಿಬಿಡಿ. ಎಲ್ಲಾ ತೊಂದರೆ ಒಂದೇ ಸಲ ಮುಗಿಯುತ್ತೆ." ಮುಂದಿನ ವಾರಕ್ಕೆ ದಿನಾನೂ ಕೊಟ್ಟರು.

ನಾನು ಒಪ್ಪಿಕೊಂಡೇ ಬಂದಿದ್ದೆ. ನಮ್ಮ ಕಡೆ ನನ್ನ ವಯಸ್ಸಿನ ಎಷ್ಟೋ ಜನ ತೆಗೆಸಿದ್ದಾರೆ. ಯಾರೂ ಅದನ್ನು ದೊಡ್ಡ ವಿಷಯ ಅಂತ ಮಾತಾಡುವುದಿಲ್ಲ. ಆದರೆ ಮೈಸೂರಿನಲ್ಲಿ ಓದುತ್ತಿರುವ ಮಗಳು ಫೋನಿನಲ್ಲಿ ಕೇಳಿದಳು: "ಯಾಕೆ ತೆಗೀಬೇಕು ಅಂತ ಕೇಳಿದ್ಯಾ ಅಮ್ಮ?"

ಕೇಳಿರಲಿಲ್ಲ. ಸ್ಕ್ಯಾನ್ ಕೂಡ ಮಾಡಿರಲಿಲ್ಲ.

ಅವಳೇ ಓದಿ ಹೇಳಿದಳು. ಅಗತ್ಯವಿಲ್ಲದೆ ಗರ್ಭಕೋಶ ತೆಗೆಯುವುದನ್ನು ತಡೆಯಲು 2022ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮಾರ್ಗಸೂಚಿ ಮಾಡಿದೆಯಂತೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅದನ್ನು ಜಾರಿಗೆ ತರಬೇಕು ಅಂತ ಹೇಳಿದೆಯಂತೆ. ಅಂದರೆ ಇದು ಕೋರ್ಟಿನವರೆಗೂ ಹೋದ ವಿಷಯ. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದರೆ, ವರ್ಷಗಟ್ಟಲೆ ನಿಧಾನಕ್ಕೆ ಇಳಿಯಬೇಕಾದ ಹಾರ್ಮೋನು ಒಂದೇ ದಿನಕ್ಕೆ ಇಳಿಯುತ್ತದೆ. ಆಗ ಝಳ, ಬೆವರು ಇನ್ನೂ ಜಾಸ್ತಿಯಾಗಬಹುದು. 'ಎಲ್ಲಾ ಒಂದೇ ಸಲ ಮುಗಿಯುತ್ತೆ' ಅಂದಿದ್ದರಲ್ಲ!

ಕೊಟ್ಟ ದಿನಕ್ಕೆ ಹೋಗಲಿಲ್ಲ. ಬೇರೆ ಎಲ್ಲಿಗೆ ಹೋಗಬೇಕು ಅಂತಲೂ ಗೊತ್ತಿರಲಿಲ್ಲ. "ಮೊದಲು ಎಲ್ಲಾ ಬರೆದಿಡು ಅಮ್ಮ, ಡಾಕ್ಟರ ಮುಂದೆ ನಿಂಗೆ ಮಾತು ಮರೆತುಹೋಗುತ್ತೆ" ಅಂತ ಮಗಳು ಹೇಳಿದ್ದಳು. ಕುಯ್ಲಿನ ಲೆಕ್ಕದ ಪುಸ್ತಕ ಕೈಗೆ ಸಿಕ್ಕಿತು. ಹಿಂದಿನ ಹಾಳೆಗಳು ಖಾಲಿ. ದಿನಾಂಕ, ಹೆಸರು, ಕೆ.ಜಿ., ಕೊನೆಯಲ್ಲಿ ಷರಾ ಅಂತ ಒಂದು ಕಾಲಂ ಗೀಟು ಹಾಕಿಟ್ಟಿದ್ದೆ. ಆ ಷರಾ ಕಾಲಂನಲ್ಲಿ ಬರೆಯುತ್ತಾ ಹೋದೆ. 'ರಾತ್ರಿ 1.20 ಝಳ, ಬಟ್ಟೆ ಬದಲು.' 'ಬೆಳಿಗ್ಗೆ 11, ದೋಸೆ ಹುಯ್ಯುವಾಗ, 3 ನಿಮಿಷ.' 'ಸೊಸೈಟಿಯಲ್ಲಿ ಗೊಬ್ಬರದ ಹೆಸರು ಮರೆತೆ.' 'ಮುಟ್ಟು 9ನೇ ದಿನ, ಪ್ಯಾಡ್ 7.' 'ಸಂಜೆ ಕಾರಣವಿಲ್ಲದೆ ಅಳು.' ಆರು ವಾರ ಬರೆದೆ. ಕೂಡಿ ನೋಡಿದರೆ ದಿನಕ್ಕೆ ಸರಾಸರಿ ಒಂಬತ್ತು ಸಲ ಝಳ, ಅದರಲ್ಲಿ ನಾಲ್ಕು ರಾತ್ರಿ ಹೊತ್ತು. ಆ ಮೊತ್ತ ನೋಡಿದಾಗ ನನಗೆ ಒಂಥರಾ ಸಮಾಧಾನವಾಯಿತು. ನಾನು ಸುಮ್ನೆ ಯೋಚನೆ ಮಾಡಿಕೊಂಡು ಹುಟ್ಟಿಸಿದ್ದಲ್ಲ ಇದು. ಲೆಕ್ಕಕ್ಕೆ ಸಿಗುವಂಥದ್ದು.

ದಾರಿ ತೋರಿಸಿದವರು ನಮ್ಮೂರಿನ ಆಶಾ ಕಾರ್ಯಕರ್ತೆ. 30 ದಾಟಿದವರಿಗೆ ಬಿಪಿ, ಶುಗರ್, ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆಯಲ್ಲ, ಅದಕ್ಕೆ ಹೆಸರು ಬರೆದುಕೊಳ್ಳಲು ಮನೆಗೆ ಬಂದಿದ್ದರು. ಮುಖ ನೋಡಿಯೇ "ಏನಾಯ್ತಕ್ಕ?" ಅಂದರು. ಹೇಳಿದೆ. ಬಸುರಿ ಬಾಣಂತಿಯರಿಗೆ ತಾಯಿ ಕಾರ್ಡು, ಇಂಜೆಕ್ಷನ್ನು ಎಲ್ಲ ಇದೆ, ಮುಟ್ಟು ನಿಲ್ಲುವವರನ್ನು ಕೇಳುವವರೇ ಇಲ್ಲ ಅಂತ ಅವರೂ ಬೇಜಾರು ಮಾಡಿಕೊಂಡರು. ಆಮೇಲೆ ಹೇಳಿದರು: "ಮಡಿಕೇರಿಯಲ್ಲಿ ಒಬ್ಬರು ಮೇಡಂ ಇದ್ದಾರೆ. ಕೂರಿಸಿ ಕೇಳ್ತಾರೆ. ಹೋಗಿ."

ಕೂರಿಸಿ ಕೇಳ್ತಾರೆ. ಅವರು ಡಾಕ್ಟರ ಡಿಗ್ರಿ ಹೇಳಲಿಲ್ಲ, ಇಷ್ಟೇ ಹೇಳಿದರು.

ಜುಲೈ. ಮಳೆ ಹಿಡಿದಿತ್ತು. ಮಾದಾಪುರ, ಹಟ್ಟಿಹೊಳೆ ಮೇಲೆ ಮಡಿಕೇರಿ ದಾರಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಜಾಗಗಳನ್ನು ನೋಡುತ್ತಾ ಹೋಗುವಾಗ ಇವತ್ತಿಗೂ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಮ್ಮವರು ಜೊತೆಗೆ ಬಂದಿದ್ದರು. ನನ್ನ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಲೆಕ್ಕದ ಪುಸ್ತಕ.

ಆ ಮೇಡಂ ಮೊದಲು ಮಾಡಿದ ಕೆಲಸ ಅಂದರೆ, "ಸರ್, ನೀವು ಸ್ವಲ್ಪ ಹೊರಗೆ ಕೂತಿರಿ, ಆಮೇಲೆ ಕರೀತೀನಿ" ಅಂದದ್ದು. ಆಮೇಲೆ ನನ್ನ ಪುಸ್ತಕ ತೆಗೆದುಕೊಂಡರು. ಹಾಳೆ ತಿರುವಿ ತಿರುವಿ ಓದಿದರು. ಕೆಲವು ಕಡೆ ಬೆರಳಿಟ್ಟು ನಿಂತರು. ಗಡಿಯಾರ ನೋಡಲಿಲ್ಲ. ಪುಸ್ತಕ ಮುಚ್ಚಿ ಕೇಳಿದರು:

"ಇಷ್ಟು ದಿನ ಹೇಗೆ ತಡ್ಕೊಂಡ್ರಿ?"

ನನಗೆ ಅಳು ತಡೆಯಲಾಗಲಿಲ್ಲ. ಅವರು ಸಮಾಧಾನದ ಮಾತು ಏನೂ ಹೇಳಲಿಲ್ಲ. ನೀರಿನ ಬಾಟಲಿ ನನ್ನ ಕಡೆ ಸರಿಸಿ, ನಾನು ಮುಗಿಸುವವರೆಗೆ ಕಾದರು.

ಆಮೇಲೆ ಪ್ರಶ್ನೆಗಳು. ಎಷ್ಟು ಪ್ರಶ್ನೆಗಳು! ಅಮ್ಮನಿಗೆ ಯಾವಾಗ ಮುಟ್ಟು ನಿಂತಿತು, ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಆಗಿದೆಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ, ಲಿವರ್ ತೊಂದರೆ, ಬಿಪಿ, ಅರೆತಲೆನೋವು. ಯಾರಿಗಾದರೂ ಮೂಳೆ ಮುರಿದಿದೆಯಾ ಅಂದರು. ಅಮ್ಮನಿಗೆ 63ರಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಅದನ್ನು ಹೇಳಿದಾಗ ಕೆಳಗೆ ಎರಡು ಗೀಟು ಎಳೆದರು. ಆಮೇಲೆ ದನಿ ತಗ್ಗಿಸಿ, ಗಂಡ ಹೆಂಡತಿ ಸೇರುವಾಗ ನೋವಾಗುತ್ತದಾ ಅಂತ ಕೇಳಿದರು. ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಹೌದು ಅಂದೆ. ಒಂದು ವರ್ಷದಿಂದ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ ಅಂತಲೂ ಹೇಳಿದೆ. ಉರಿಮೂತ್ರಕ್ಕೂ ಆ ನೋವಿಗೂ ಒಂದೇ ಕಾರಣ ಇರಬಹುದು ಅಂದರು. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಕಡಿಮೆಯಾದಾಗ ಆ ಜಾಗದ ಚರ್ಮ ತೆಳ್ಳಗಾಗಿ, ಒಣಗುತ್ತದೆ. ಝಳ ವರ್ಷ ಕಳೆದಂತೆ ಕಡಿಮೆಯಾಗಬಹುದು, ಈ ಒಣಗುವುದು ಮಾತ್ರ ಚಿಕಿತ್ಸೆ ಇಲ್ಲದೆ ತಾನಾಗಿ ಸರಿಹೋಗುವುದು ಕಡಿಮೆ. ಅದಕ್ಕೇ ಕ್ರೀಮ್ ಇದೆ, ನಾಚಿಕೊಂಡು ಕೂರಬೇಡಿ ಅಂದರು.

ಝಳ ಯಾಕೆ ಬರುತ್ತದೆ ಅಂತಲೂ ಬಿಡಿಸಿ ಹೇಳಿದರು. ಮೆದುಳಿನಲ್ಲಿ ಹೈಪೋಥಲಾಮಸ್ ಅಂತ ಒಂದು ಜಾಗ. ಮೈಯ ಬಿಸಿ ಎಷ್ಟಿರಬೇಕು ಅಂತ ನೋಡಿಕೊಳ್ಳುವುದು ಅದು. ಈಸ್ಟ್ರೋಜನ್ ಏರಿಳಿಯತೊಡಗಿದಾಗ ಅದು ತೀರಾ ಸೂಕ್ಷ್ಮವಾಗಿಬಿಡುತ್ತದೆ. ಮೈ ಒಂಚೂರು ಬಿಸಿಯಾದರೂ ಸಾಕು, ಏನೋ ಅನಾಹುತ ಆಯಿತು ಅಂತ ರಕ್ತವನ್ನು ಚರ್ಮದ ಕಡೆ ನೂಕಿ, ಬೆವರಿಸಿ, ಮೈ ತಣ್ಣಗೆ ಮಾಡಲು ಹೊರಡುತ್ತದೆ. ಅದಕ್ಕೇ ಆ ಕೆಂಪು, ಆ ಬೆವರು, ಆಮೇಲೆ ಆ ನಡುಕ. ನನ್ನ ಮನಸ್ಸಿನ ದೌರ್ಬಲ್ಯ ಇದರಲ್ಲಿ ಎಲ್ಲೂ ಇರಲಿಲ್ಲ. ಆರು ತಿಂಗಳಲ್ಲಿ ಹೋಗುತ್ತದಂತಲ್ಲ ಅಂತ ಕೇಳಿದೆ. ಕೆಲವರಿಗೆ ಹೋಗಬಹುದು, ಬಹಳ ಜನಕ್ಕೆ ಏಳು ವರ್ಷದಷ್ಟು ಕಾಲ ಇರುತ್ತದೆ ಅಂದರು. ಹನ್ನೆರಡು ತಿಂಗಳು ಒಂದೇ ಸಮನೆ ಮುಟ್ಟು ಬಾರದಿದ್ದರೆ ಅದಕ್ಕೆ ಮೆನೋಪಾಸ್ ಅನ್ನುತ್ತಾರೆ. ನಾನಿದ್ದದ್ದು ಅದಕ್ಕೂ ಮುಂಚಿನ ಘಟ್ಟ. ತೊಂದರೆ ಜೋರಾಗಿರುವುದು ಬಹಳ ಸಲ ಈ ಘಟ್ಟದಲ್ಲೇ.

ಹಾರ್ಮೋನ್ ಟೆಸ್ಟ್ ಮಾಡಿಸಿಕೊಂಡು ಬರಲಾ ಅಂದೆ. ಪೇಟೆಯ ಲ್ಯಾಬಿನವರು ದೊಡ್ಡ ಪ್ಯಾಕೇಜ್ ಹೇಳಿದ್ದರು. ಬೇಡ ಅಂದರು. 45 ದಾಟಿದವರಲ್ಲಿ ಲಕ್ಷಣ ನೋಡಿದರೆ ಸಾಕು. ಹಾರ್ಮೋನು ಇವತ್ತು ಒಂದು, ನಾಳೆ ಒಂದು ಇರುತ್ತದೆ, ಆ ದುಡ್ಡು ಉಳಿಸಿ ಅಂದರು. ಬದಲಿಗೆ ಬೇರೆ ಟೆಸ್ಟ್ ಬರೆದರು. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಕೊಲೆಸ್ಟ್ರಾಲ್, ವಿಟಮಿನ್ ಡಿ, ಇಸಿಜಿ. ಥೈರಾಯ್ಡ್ ಕೆಟ್ಟರೂ ಎದೆ ಬಡಿತ, ಬೆವರು ಬರುತ್ತದೆ, ಅದಲ್ಲ ಅಂತ ಖಾತ್ರಿಯಾಗಬೇಕು ಅಂದರು. ಎಲ್ಲಕ್ಕಿಂತ ಮೊದಲು ಸ್ಕ್ಯಾನ್.

"ಇಷ್ಟು ರಕ್ತ ಯಾಕೆ ಹೋಯ್ತು ಅಂತ ಗೊತ್ತಾಗೋವರೆಗೆ ನಾನು ಹಾರ್ಮೋನ್ ಕೊಡಲ್ಲ. ಗರ್ಭಕೋಶಾನೂ ತೆಗೀರಿ ಅನ್ನಲ್ಲ," ಅಂದರು.

ಸ್ಕ್ಯಾನಿನಲ್ಲಿ 2 ಸೆಂಟಿಮೀಟರಿನ ಒಂದು ಗಡ್ಡೆ ಕಂಡಿತು. ಫೈಬ್ರಾಯ್ಡ್, ಕ್ಯಾನ್ಸರ್ ಅಲ್ಲ. ಮುಟ್ಟು ನಿಂತ ಮೇಲೆ ಇವು ಸಾಮಾನ್ಯವಾಗಿ ಕುಗ್ಗುತ್ತವೆ. ಒಳಪದರ ದಪ್ಪವಾಗಿತ್ತು. ಅದರ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ತೆಗೆಯುವಾಗ ಒಂದು ನಿಮಿಷ ಜೋರು ಹಿಂಡಿದ ಹಾಗಾಯಿತು. 'ಈಗ ನೋವಾಗುತ್ತೆ, ಈಗ ಮುಗೀತು' ಅಂತ ಒಂದೊಂದಕ್ಕೂ ಹೇಳಿ ಮಾಡಿದರು. ಆ ಹತ್ತು ದಿನ ರಿಪೋರ್ಟಿಗೆ ಕಾದದ್ದು ನನ್ನ ಬದುಕಿನ ಉದ್ದದ ಹತ್ತು ದಿನ. ನಮ್ಮವರು ಆ ದಿನಗಳಲ್ಲಿ ಮಾತಿಲ್ಲದೆ ಬೆಳಿಗ್ಗೆ ಎದ್ದು ಒಲೆ ಹಚ್ಚಿ ನೀರು ಕಾಯಿಸಿಡುತ್ತಿದ್ದರು. ರಿಪೋರ್ಟು ಸರಿಯಿತ್ತು.

ಹಿಮೋಗ್ಲೋಬಿನ್ 8.9. ಕಣ್ಣು ಕತ್ತಲು ಬಂದದ್ದಕ್ಕೆ ಬೇರೆ ಕಾರಣ ಹುಡುಕಬೇಕಿರಲಿಲ್ಲ. ವಿಟಮಿನ್ ಡಿ 14, ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ. ವಾರಕ್ಕೊಂದು 60,000 ಯೂನಿಟ್ಟಿನ ಸ್ಯಾಷೆ, ಎಂಟು ವಾರ. ಅಮ್ಮನ ಮೂಳೆ ಮುರಿದದ್ದಕ್ಕಾಗಿ ನನ್ನನ್ನು ಮೈಸೂರಿಗೆ ಡೆಕ್ಸಾ ಸ್ಕ್ಯಾನಿಗೆ, ಅಂದರೆ ಮೂಳೆಯ ಗಟ್ಟಿತನ ಅಳೆಯುವ ಸ್ಕ್ಯಾನಿಗೆ ಕಳಿಸಿದರು, ಅದೇ ದಿನ ಸ್ತನದ ಎಕ್ಸ್‌ರೇ ಮ್ಯಾಮೊಗ್ರಾಂ ಕೂಡ. ಮಗಳು ಕಾಲೇಜಿಗೆ ರಜೆ ಹಾಕಿ ಜೊತೆಗಿದ್ದಳು. ಮ್ಯಾಮೊಗ್ರಾಂ ಸರಿಯಿತ್ತು. ಡೆಕ್ಸಾದಲ್ಲಿ ಮೈನಸ್ 1.8. ಮೈನಸ್ 1ರವರೆಗೆ ಸರಿ, ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಹೋದರೆ ಮೂಳೆ ಸವೆತ. ನಾನು ನಡುವೆ. ಮೂಳೆ ಕರಗಲು ಶುರುವಾಗಿತ್ತು, ನನಗೆ ಒಂದು ಚೂರೂ ಗೊತ್ತಾಗಿರಲಿಲ್ಲ. ನಮ್ಮ ಕಡೆ ಅಕ್ಕಿ ರೊಟ್ಟಿಯೇ ಜಾಸ್ತಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ದಿನಕ್ಕೊಂದು ಹೊತ್ತಾದರೂ ರಾಗಿ ತಿನ್ನಿ, ಭಾರ ಎತ್ತುವ ವ್ಯಾಯಾಮ ಮಾಡಿ ಅಂದರು. ನೀರಿನ ಕೊಡ, ಗೊಬ್ಬರದ ಬುಟ್ಟಿ ಹೊರುತ್ತೇನೆ ಅಂದಾಗ, ಬಿಡಬೇಡಿ, ಸೊಂಟ ನೋಡಿಕೊಂಡು ಎತ್ತಿ ಅಂದರು. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ ಅಂದದ್ದು ಕಷ್ಟವಾಯಿತು. ನಮ್ಮ ಮನೆಯಲ್ಲಿ ಐದು ಗಂಟೆ ಕಾಫಿ ಅಂದರೆ ಎಲ್ಲರೂ ಒಟ್ಟಿಗೆ ಕೂರುವ ಹೊತ್ತು. ಈಗ ಆ ಹೊತ್ತಿಗೆ ನಾನು ಜೀರಿಗೆ ಕಷಾಯ ಹಿಡಿದು ಕೂರುತ್ತೇನೆ.

ಹಾರ್ಮೋನು ಚಿಕಿತ್ಸೆಯ ಮಾತು ಬಂದಾಗ ನಮ್ಮವರನ್ನೂ ಒಳಗೆ ಕರೆದರು. ಕ್ಯಾನ್ಸರ್ ಬರುತ್ತದಂತಲ್ಲ ಅಂತ ನಮ್ಮವರು ಮೊದಲೇ ಕೇಳಿದರು. ಮೇಡಂ ಬಿಳಿ ಹಾಳೆ ತಗೊಂಡು ಬರೆದು ತೋರಿಸಿದರು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದನ್ನು ಅರ್ಧಕ್ಕೇ ನಿಲ್ಲಿಸಿದರು, ಭಯ ಹುಟ್ಟಿದ್ದು ಅಲ್ಲಿಂದ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಈಸ್ಟ್ರೋಜನ್, ಪ್ರೊಜೆಸ್ಟಿನ್ ಅಂತ ಎರಡು ಹಾರ್ಮೋನಿನ ಮಾತ್ರೆ ತಗೊಂಡವರಲ್ಲಿ ಸ್ತನದ ಕ್ಯಾನ್ಸರ್ ಹತ್ತು ಸಾವಿರಕ್ಕೆ ವರ್ಷಕ್ಕೆ 38, ತಗೊಳ್ಳದವರಲ್ಲಿ 30. ಜಾಸ್ತಿಯಾದದ್ದು ಹತ್ತು ಸಾವಿರಕ್ಕೆ 8. ಈಸ್ಟ್ರೋಜನ್ ಒಂದೇ ತಗೊಂಡ, ಗರ್ಭಕೋಶ ಇಲ್ಲದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಆಮೇಲೆ ಮತ್ತೆ ಮತ್ತೆ ಲೆಕ್ಕ ನೋಡಿದಾಗ, 60ರ ಒಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ ತೊಂದರೆಗಿಂತ ಅನುಕೂಲವೇ ಜಾಸ್ತಿ ಅಂತ ಕಂಡಿತು. ಸ್ತನದ ಕ್ಯಾನ್ಸರ್ ಆದವರಿಗೆ, ಪಾರ್ಶ್ವವಾಯು, ಹೃದಯಾಘಾತ ಆದವರಿಗೆ, ಲಿವರ್ ಕೆಟ್ಟವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅಂಥವರಿಗೆ ಹಾರ್ಮೋನು ಅಲ್ಲದ ಮಾತ್ರೆಗಳೂ ಇವೆ, ಝಳವನ್ನು ಕಡಿಮೆ ಮಾಡುತ್ತವೆ. ನಿಮಗೆ ಯಾವುದು ಬೇಕು, ಮನೆಗೆ ಹೋಗಿ ಯೋಚಿಸಿ, ಅವಸರ ಇಲ್ಲ ಅಂದರು. ಆ ಹಾಳೆಯನ್ನು ನಾನು ಕೇಳಿ ಇಸ್ಕೊಂಡು ಬಂದೆ. ಲೆಕ್ಕದ ಪುಸ್ತಕದಲ್ಲಿ ಅಂಟಿಸಿದ್ದೇನೆ.

ಒಂದು ವಾರ ಯೋಚಿಸಿ ಹೂಂ ಅಂದೆ. ನನಗೆ ಬರೆದದ್ದು ಎಸ್ಟ್ರಾಡಯಾಲ್ ಜೆಲ್, ಅದು ಈಸ್ಟ್ರೋಜನ್ನೇ, ದಿನಾ ಸ್ನಾನದ ಮೇಲೆ ತೋಳಿಗೆ ಹಚ್ಚಿ ಆರಲು ಬಿಡಬೇಕು. ಚರ್ಮದ ಮೂಲಕ ಹೋದರೆ ರಕ್ತ ಹೆಪ್ಪುಗಟ್ಟುವ ಭಯ ಮಾತ್ರೆಗಿಂತ ಕಡಿಮೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದೇ ಕೊಟ್ಟರೆ ಒಳಪದರ ಬೆಳೆದು ಅಪಾಯ. ಅದಕ್ಕೆ ತಿಂಗಳಲ್ಲಿ ಹನ್ನೆರಡು ರಾತ್ರಿ 200 ಮಿಲಿಗ್ರಾಂ ಪ್ರೊಜೆಸ್ಟೆರಾನ್. ಅದನ್ನು ಮಲಗುವಾಗಲೇ ತಗೊಳ್ಳಬೇಕು, ನಿದ್ದೆ ಬರಿಸುತ್ತದೆ. ಜೊತೆಗೆ ವಾರಕ್ಕೆರಡು ಸಲ ಒಳಗೆ ಹಚ್ಚುವ ಕ್ರೀಮ್, ಕಬ್ಬಿಣದ ಮಾತ್ರೆ. ಇದು ನನಗೆ, ನನ್ನ ರಿಪೋರ್ಟು ನೋಡಿ ಬರೆದದ್ದು. ಇದನ್ನೋದಿ ಯಾರೂ ಚೀಟಿ ಇಲ್ಲದೆ ಮೆಡಿಕಲ್ಲಿಗೆ ಹೋಗಬೇಡಿ, ದಯವಿಟ್ಟು. ನಮ್ಮ ಪೇಟೆಯ ಮೆಡಿಕಲ್ಲಿನಲ್ಲಿ ಜೆಲ್ ಇರಲಿಲ್ಲ. ಮೈಸೂರಿನಿಂದ ತರಿಸಲು ನಾಲ್ಕು ದಿನ ಹಿಡಿಯಿತು. ಅಂಗಡಿಯ ಹುಡುಗ ಚೀಟಿ ಓದಿ, "ಯಾರಿಗೆ ಆಂಟಿ?" ಅಂದ. "ನನಗೆ," ಅಂತ ಗಟ್ಟಿಯಾಗೇ ಹೇಳಿದೆ.

ಮೊದಲ ಮೂರು ವಾರ ಸ್ತನ ಬಿಗಿಬಿಗಿ, ನೋವು. ನಡುವೆ ಒಂಚೂರು ರಕ್ತ ಕಾಣಿಸಿತು. ಹೆದರಿ ಫೋನ್ ಮಾಡಿದೆ. ಶುರುವಿನಲ್ಲಿ ಹೀಗಾಗಬಹುದು, ಷರಾ ಕಾಲಂನಲ್ಲಿ ಬರೀತಾ ಇರಿ, ಜಾಸ್ತಿಯಾದರೆ ಮಾತ್ರ ಬನ್ನಿ ಅಂದರು. ಅವರಿಗೆ ಆ ಕಾಲಮ್ಮಿನ ಹೆಸರು ನೆನಪಿತ್ತು. ಐದನೇ ವಾರದಲ್ಲಿ ಒಂದು ಬೆಳಿಗ್ಗೆ ಎದ್ದಾಗ ಕಿಟಕಿಯಲ್ಲಿ ಬೆಳಕು. ರಾತ್ರಿ ಒಂದು ಸಲವೂ ಎದ್ದಿರಲಿಲ್ಲ. ದಿಂಬು ಮುಟ್ಟಿ ನೋಡಿದೆ, ಒಣಗಿತ್ತು. ನಮ್ಮವರನ್ನು ಎಬ್ಬಿಸಿ ದಿಂಬು ಮುಟ್ಟಿಸಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂತರು.

ಮೂರು ತಿಂಗಳ ತಪಾಸಣೆಗೆ ಹೋಗುವಾಗ ಝಳ ದಿನಕ್ಕೆ ಒಂದೋ ಎರಡೋ. ಹಿಮೋಗ್ಲೋಬಿನ್ 11.6. ಉರಿಮೂತ್ರ ಮತ್ತೆ ಬಂದಿಲ್ಲ. ಮಂಡಿ ಪೂರ್ತಿ ಸರಿಯಾಗಿಲ್ಲ, ಎಲ್ಲದಕ್ಕೂ ಇದೇ ಮದ್ದು ಅಂತ ಮೇಡಂ ಹೇಳಿರಲೂ ಇಲ್ಲ. ಮರೆವು ಕಡಿಮೆಯಾಗಿದೆ. ನಿದ್ದೆ ಬಂದದ್ದಕ್ಕೋ, ಜೆಲ್ಲಿಗೋ ಗೊತ್ತಿಲ್ಲ. ವರ್ಷಕ್ಕೊಮ್ಮೆ ಬಿಪಿ ಎಲ್ಲ ನೋಡಿ, ಇನ್ನೂ ಬೇಕಾ ಅಂತ ಇಬ್ಬರೂ ಕೂತು ತೀರ್ಮಾನ ಮಾಡೋಣ ಅಂದಿದ್ದಾರೆ. ಮುಟ್ಟು ಪೂರ್ತಿ ನಿಂತು ವರ್ಷವಾದ ಮೇಲೆ ಯಾವತ್ತಾದರೂ ರಕ್ತ ಕಂಡರೆ, ಒಂದೇ ಹನಿಯಾದರೂ ಸರಿ, ಕೂಡಲೇ ಬರಬೇಕು ಅಂತ ಎರಡು ಸಲ ಹೇಳಿ ಕಳಿಸಿದರು.

ಅತ್ತೆಗೆ ಈಗ 78. ಇದೆಲ್ಲ ಯಾಕೆ ಬೇಕು, ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ ಅಂತ ಮೊದಮೊದಲು ಅನ್ನುತ್ತಿದ್ದರು. ಒಂದು ರಾತ್ರಿ ಊಟವಾದ ಮೇಲೆ, ನಾನು ಎಲೆ ಅಡಿಕೆ ತಟ್ಟೆ ಹತ್ತಿರ ಇಡುವಾಗ ತಾವೇ ಶುರು ಮಾಡಿದರು.

"ಹಿಂದುಗಡೆ ಬಟ್ಟೆ ಒಗಿಯೋ ಕಲ್ಲಿದೆಯಲ್ಲ, ರಾತ್ರಿ ಎದ್ದು ಹೋಗಿ ಅದರ ಮೇಲೆ ಮಲಗ್ತಿದ್ದೆ ನಾನು. ತಣ್ಣಗಿರ್ತಿತ್ತು. ನಿಮ್ಮ ಮಾವಂಗೆ ಗೊತ್ತಾಗೋ ಮುಂಚೆ ಎದ್ದು ಬರ್ತಿದ್ದೆ. ಮೈಮೇಲೆ ಏನೋ ಬಂದಿದೆ ಅಂದ್ಕೊತಾರೆ ಅಂತ ಯಾರಿಗೂ ಹೇಳ್ಲಿಲ್ಲ."

"ಎಷ್ಟು ದಿನ ಅತ್ತೆ?"

"ದಿನ ಎಲ್ಲಿ ಬಂತು? ನಾಕೈದು ವರ್ಷ."

ಇಪ್ಪತ್ತೆಂಟು ವರ್ಷದಿಂದ ಆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೇನೆ ನಾನು.

2024ರ ಡಿಸೆಂಬರ್. ಮತ್ತೆ ಕುಯ್ಲು. ಹಾಳೆ ತಿರುವಿ ಹೊಸದಾಗಿ ಗೀಟು ಹಾಕಿದೆ. ಒಂದು ಸಂಜೆ ತೂಕ ಮುಗಿದು ಎಲ್ಲರೂ ಹೊರಟ ಮೇಲೆ ಅವಳು ನಿಂತಳು. ಹೋದ ವರ್ಷ 74ನ್ನು 47 ಬರೆದಿದ್ದೆನಲ್ಲ, ಅವಳು. ಅವತ್ತು ಅವಳದ್ದು ಬರೀ 38 ಕೆ.ಜಿ. ಇತ್ತು.

"ಅಕ್ಕಾ, ನೀವು ಮಡಿಕೇರಿಗೆ ಹೋಗಿದ್ದು ಇದಕ್ಕೇ ಅಂತೆ ಅಲ್ವಾ?" ಅಂದಳು. ಟವೆಲ್ ಬಿಚ್ಚಿ ಕತ್ತು ತೋರಿಸಿದಳು. ಆ ಚಳಿಯಲ್ಲಿ ಕತ್ತಿನ ಮೇಲೆ ಬೆವರು ಹರಿಯುತ್ತಿತ್ತು. ಬಿಸಿಲಿಗೆ ಹೀಗಾಗುತ್ತೆ ಅಂದುಕೊಂಡಿದ್ದಳಂತೆ. ಲೈನ್ ಮನೆಯಲ್ಲಿ ಐದು ಜನ ಮಲಗುವ ಕೋಣೆ, ಕಿಟಕಿ ತೆಗೆದರೆ ಮಕ್ಕಳು ಬೈಯುತ್ತಾರೆ. ಒಂದು ದಿನ ರಜ ಹಾಕಿದರೆ ಒಂದು ದಿನದ ಕೂಲಿ ಹೋಯಿತು. ನಾನು ಒಂದು ಡಾಕ್ಟರಿಂದ ಇನ್ನೊಂದು ಡಾಕ್ಟರಿಗೆ ಹೋಗಬಹುದಿತ್ತು. ಅವಳಿಗೆ ಮೊದಲನೆಯವರ ಹತ್ತಿರ ಹೋಗಲೂ ಪುರುಸೊತ್ತು ಇರಲಿಲ್ಲ.

ಕೂರಿಸಿಕೊಂಡು ಕೇಳಿದೆ. ಯಾವಾಗಿಂದ, ರಾತ್ರಿ ಎಷ್ಟು ಸಲ, ಮುಟ್ಟು ಹೇಗಿದೆ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇದೆಯಾ. ಮೇಡಂ ಕೇಳಿದ್ದನ್ನೇ ಕೇಳಿದೆ. ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅವಳ ಕೈಗೆ ಕೊಟ್ಟೆ. ಆಮೇಲೆ ಪುಸ್ತಕ ತೆಗೆದು, ಅವಳ ಹೆಸರಿನ ಮುಂದೆ ಷರಾ ಕಾಲಂನಲ್ಲಿ ಬರೆದೆ: 'ಮಂಗಳವಾರ, 7.40ರ ಬಸ್ಸು, ಮಡಿಕೇರಿ, ಇಬ್ಬರೂ. ಹಾಜರಿ ಪೂರ್ತಿ.'